ವಾಚನ ಉಳಿದು ವ್ಯಾಖ್ಯಾನ ಅಳಿದಾಗ: ‘ವಂಶವೃಕ್ಷ’ ಮತ್ತು ಕನ್ನಡದ ತಾತ್ವಿಕ ಕಾದಂಬರಿಗಳ ಚಲನಚಿತ್ರ ರೂಪಾಂತರ

ಕನ್ನಡದ ಹಿರಿಯ ಕಾದಂಬರಿಗಳು ಚಲನಚಿತ್ರಗಳಾದ ಸಂದರ್ಭಗಳನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದುಬಂದಿದೆ. ಚಿತ್ರವು ಮೂಲಕೃತಿಗೆ ನಿಷ್ಠವಾಗಿದೆಯೇ ಎಂಬುದೇ ಆ ಪ್ರಶ್ನೆ. ಯಾವ ಪಾತ್ರ ಬಿಟ್ಟುಹೋಯಿತು, ಯಾವ ಘಟನೆ ಮೊಟಕಾಯಿತು, ಯಾವ ಹಾಡು ಹೊಸದಾಗಿ ಸೇರಿತು ಎಂದು ಪಟ್ಟಿ ಮಾಡಿ ಅಂಕ ನೀಡುವ ಈ ಕ್ರಮವು ಘಟನಾಪ್ರಧಾನ ಕಾದಂಬರಿಗಳಿಗೆ ಒಂದು ಮಟ್ಟಿಗೆ ಒದಗಬಹುದು. ತಾತ್ವಿಕ ಕಾದಂಬರಿಯ ವಿಷಯದಲ್ಲಿ ಮಾತ್ರ ಅದು ಸಾಲದು. ಅಲ್ಲಿ ಘಟನೆಗಳೆಲ್ಲವೂ ಉಳಿದುಕೊಂಡೂ ಕೃತಿಯ ಅರ್ಥ ತಲೆಕೆಳಗಾಗಬಹುದು. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ ನಿದರ್ಶನವನ್ನು ಮುಖ್ಯವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಅಧ್ಯಯನದ ಪರಿಕಲ್ಪನೆಗಳು ಈ ಪರಿಶೀಲನೆಗೆ ನೆರವಾಗುತ್ತವೆ. ಒಂದು ಕಥೆ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವ ಕ್ರಿಯೆಯನ್ನು ನಮ್ಮ ಮೌಖಿಕ ಪರಂಪರೆಗಳು ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲಿನಿಂದಲೂ ನಡೆಸಿಕೊಂಡು ಬಂದಿವೆ.

ಕೋಡ್ಲಾ ಗ್ರಾಮವನ್ನು ಒಳಗೊಂಡ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನಗಳು ಇಂದಿಗೂ ಮಠಗಳಲ್ಲಿ, ಗುಡಿಗಳಲ್ಲಿ ನಡೆಯುತ್ತವೆ. ಒಬ್ಬರು ಪುರಾಣದ ಪದ್ಯವನ್ನು ರಾಗವಾಗಿ ಓದುತ್ತಾರೆ; ಇನ್ನೊಬ್ಬರು ಅದಕ್ಕೆ ಅರ್ಥ ಹೇಳುತ್ತಾರೆ. ಹಳೆಯ ಮೈಸೂರಿನ ಗಮಕ ಪರಂಪರೆಯಲ್ಲಿ ಇದೇ ವಾಚನ ಮತ್ತು ವ್ಯಾಖ್ಯಾನವೆಂಬ ಹೆಸರು ಪಡೆದಿದೆ. ಪದ್ಯ ಹತ್ತು ಸಾಲಿನದಾದರೆ ಅರ್ಥ ಅರ್ಧ ಗಂಟೆಯದು. ಅರ್ಥ ಹೇಳುವವರು ಉಪಕಥೆ ತರುತ್ತಾರೆ, ಊರಿನ ಜಗಳವನ್ನು ಎಳೆದು ತರುತ್ತಾರೆ, ಮಳೆಯಾಗದ ಸಂಗತಿಯನ್ನೂ ಸೇರಿಸುತ್ತಾರೆ. ಕೇಳುವವರಿಗೆ ಪುರಾಣವೆಂದರೆ ಇವೆರಡೂ ಕೂಡಿದ್ದು. ದೀರ್ಘ ತಾತ್ವಿಕ ಕಾದಂಬರಿಯಲ್ಲಿ ಈ ಎರಡು ಕೆಲಸಗಳನ್ನೂ ನಿರೂಪಕನೊಬ್ಬನೇ ಮಾಡುತ್ತಾನೆ. ಅವನು ಘಟನೆಯನ್ನು ಓದುತ್ತಾನೆ, ಅದರ ಅರ್ಥವನ್ನೂ ಹೇಳುತ್ತಾನೆ. ಚಲನಚಿತ್ರವಾಗುವಾಗ ವಾಚನ ಉಳಿಯುತ್ತದೆ, ವ್ಯಾಖ್ಯಾನಕಾರ ವೇದಿಕೆಯಿಂದ ಇಳಿಯಬೇಕಾಗುತ್ತದೆ. ಅವನು ಬಿಟ್ಟುಹೋದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ ಎಂಬುದರ ಮೇಲೆ ಆ ಚಿತ್ರದ ತಾತ್ವಿಕತೆ ನಿರ್ಧಾರವಾಗುತ್ತದೆ.

ಗಾತ್ರದ ಸಮಸ್ಯೆ ಇದಕ್ಕಿಂತ ಸರಳವಾದದ್ದು. ಮೂವತ್ತೈದು ಮಿಲಿಮೀಟರ್ ಚಿತ್ರಸುರುಳಿಯು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವಾಗ ನಿಮಿಷಕ್ಕೆ 90 ಅಡಿ ವ್ಯಯವಾಗುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಈ ಅಳತೆಯೊಳಗೆ ನೂರಾರು ಪುಟಗಳ ಕಾದಂಬರಿ ಕೂರಬೇಕು. ಆದರೆ ಸಂಕ್ಷೇಪವು ಕನ್ನಡಕ್ಕೆ ಹೊಸ ವಿದ್ಯೆಯೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆರಂಭಿಸಿದ, ಅವರ ಶಿಷ್ಯ ಗುಣಭದ್ರರು ಮುಂದುವರಿಸಿದ ಆದಿಪುರಾಣವು 47 ಪರ್ವಗಳ ಮಹಾಗ್ರಂಥ. ಕ್ರಿ.ಶ. 941ರಲ್ಲಿ ಪಂಪನು ಅದನ್ನು ಕನ್ನಡದಲ್ಲಿ 16 ಆಶ್ವಾಸಗಳ ಚಂಪೂಕಾವ್ಯವಾಗಿಸಿದನು. ಅದೇ ಪಂಪನು ವ್ಯಾಸಭಾರತವನ್ನು ‘ವಿಕ್ರಮಾರ್ಜುನ ವಿಜಯ’ದ 14 ಆಶ್ವಾಸಗಳಲ್ಲಿ ಅಡಗಿಸಿದಾಗ ಇನ್ನೂ ದೊಡ್ಡದೊಂದು ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಅರ್ಜುನನಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಕಂಡ ಕವಿಯು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿ ಮಾಡಿದನು. ಗಾತ್ರವನ್ನು ಇಳಿಸಲು ಹೊರಟವನು ಇದು ಯಾರ ಕಥೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನವಾದ ಮೇಲೆ ಉಳಿದ ಕತ್ತರಿಪ್ರಯೋಗಗಳು ತಾವಾಗಿ ನಡೆಯುತ್ತವೆ.

ಜನಪದ ಗಾಯಕರು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಮಲೆ ಮಾದೇಶ್ವರ ಕಾವ್ಯವನ್ನು ಹಾಡುವ ಕಂಸಾಳೆಯವರು ಒಂದು ರಾತ್ರಿಯಲ್ಲಿ ಇಡೀ ಕಾವ್ಯವನ್ನು ಮುಗಿಸಲು ಹೋಗುವುದಿಲ್ಲ. ಒಂದು ‘ಸಾಲ’ನ್ನು ಆರಿಸಿಕೊಳ್ಳುತ್ತಾರೆ. ಉಳಿದ ಸಾಲುಗಳು ಕೇಳುವವರ ನೆನಪಿನಲ್ಲಿ ಇದ್ದೇ ಇರುತ್ತವೆ. ಸಂಕಮ್ಮನ ಸಾಲು ಇಲ್ಲಿ ವಿಶೇಷವಾಗಿ ಗಮನಾರ್ಹ. ಕಾವ್ಯದ ನಾಯಕ ಮಾದೇಶ್ವರ. ಕಾವ್ಯದ ಉದ್ದೇಶ ಅವನ ಮಹಿಮೆ. ಆದರೆ ಕಾಡಿಗೆ ಹೊರಟ ಗಂಡನು ಕೇಳಿದ ಭಾಷೆಯನ್ನು ಕೊಡಲೊಪ್ಪದೆ ಹಿಂಸೆಗೊಳಗಾದ ಸಂಕಮ್ಮನ ಸಾಲನ್ನು ಹಾಡುವ ರಾತ್ರಿ ಕೇಳುಗರ ಮನಸ್ಸು ಸಂಕಮ್ಮನ ಜೊತೆಗೆ ನಿಲ್ಲುತ್ತದೆ. ಮಾದೇಶ್ವರ ಬರುವುದು ತಡವಾದಷ್ಟೂ ಆಕೆಯ ದುಃಖವೇ ಹಾಡಾಗುತ್ತದೆ. ಕಾವ್ಯದ ಒಟ್ಟು ತತ್ತ್ವಕ್ಕೆ ಭಂಗ ಬಂದಿಲ್ಲ. ತೂಕ ಮಾತ್ರ ಬೇರೆಡೆಗೆ ಸರಿದಿದೆ. ‘ವಂಶವೃಕ್ಷ’ ಚಿತ್ರದಲ್ಲಿ ನಡೆದದ್ದು ಇಂಥದೇ ಸ್ಥಾನಪಲ್ಲಟ.

ಆ ಚಿತ್ರಕ್ಕೆ ಪೂರ್ವಪೀಠಿಕೆಯಾಗಿ ‘ಸಂಸ್ಕಾರ’ವನ್ನು ನೆನೆಯಬೇಕು. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರದು. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರದು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದರು, ಪಿ. ಲಂಕೇಶ್ ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಸೆನ್ಸಾರ್ ಮಂಡಳಿಯ ನಿಷೇಧವನ್ನು ದಾಟಿ ಹೊರಬಂದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಛಾಯಾಗ್ರಾಹಕ ಟಾಮ್ ಕೊವಾನ್ ಆಸ್ಟ್ರೇಲಿಯಾದವರು. ಧರ್ಮಶಾಸ್ತ್ರದ ಚರ್ಚೆಯಿಂದ ತುಂಬಿದ ಅಗ್ರಹಾರದ ಕಥೆಯನ್ನು ಕನ್ನಡ ಬಾರದ ಕಣ್ಣೊಂದು ಸೆರೆಹಿಡಿದದ್ದರಿಂದ ಚಿತ್ರಕ್ಕೆ ನಷ್ಟವಾಗಲಿಲ್ಲ, ಲಾಭವೇ ಆಯಿತು ಎನ್ನಬಹುದು. ಮಾತಿಗಿಂತ ಮೊದಲು ಮೈ, ಮನೆ, ಬಿಸಿಲು, ಕೊಳೆಯುತ್ತಿರುವ ಹೆಣದ ಸುತ್ತಲಿನ ಮೌನ ಅಲ್ಲಿ ಕಾಣಿಸುತ್ತವೆ. ಆದರೆ ‘ಸಂಸ್ಕಾರ’ ತಾತ್ವಿಕವಾಗಿದ್ದರೂ ಕಿರಿದಾದ ಕಾದಂಬರಿ. ಅದರ ಮಧ್ಯದಲ್ಲಿ ಒಂದು ಶವವಿದೆ; ಆ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯೇ ಕಥೆಯೂ ಹೌದು, ತತ್ತ್ವವೂ ಹೌದು. ಪ್ರಶ್ನೆಗೆ ಇಷ್ಟು ಸ್ಥೂಲವಾದ ಮೈ ಸಿಕ್ಕ ಕೃತಿಯನ್ನು ತೆರೆಗೆ ತರುವುದು ಕಷ್ಟವಾದರೂ ಸಾಧ್ಯ.

‘ವಂಶವೃಕ್ಷ’ದಲ್ಲಿ ಪ್ರಶ್ನೆಯು ಹಾಗೆ ಅಂಗಳದಲ್ಲಿ ಬಿದ್ದಿಲ್ಲ. 1965ರಲ್ಲಿಯೇ ಪ್ರಕಟವಾದ ಈ ಕಾದಂಬರಿಯು ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮನೆ ಮತ್ತು ಮೈಸೂರಿನ ಇತಿಹಾಸ ಪ್ರಾಧ್ಯಾಪಕ ಸದಾಶಿವರಾಯರ ಮನೆ ಎಂಬ ಎರಡು ಕುಟುಂಬಗಳ ನಡುವೆ ಹರಡಿಕೊಂಡಿದೆ. ಶ್ರೋತ್ರಿಗಳ ಏಕಮಾತ್ರ ಪುತ್ರ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಓದಲು ಮೈಸೂರಿಗೆ ಹೋಗುತ್ತಾಳೆ, ಸದಾಶಿವರಾಯರ ತಮ್ಮ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮೊದಲ ಮದುವೆಯ ಮಗು ಚೀನಿ ಶ್ರೋತ್ರಿಗಳ ಮನೆಯಲ್ಲಿಯೇ ಉಳಿಯುತ್ತದೆ. ಇತ್ತ ಸದಾಶಿವರಾಯರು ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಹಲವು ಸಂಪುಟಗಳಲ್ಲಿ ಬರೆಯುವ ಹಂಬಲದಲ್ಲಿ, ಸಂಸಾರವೊಂದೇ ತಿಳಿದ ಹೆಂಡತಿ ನಾಗಲಕ್ಷ್ಮಿಯಿಂದ ದೂರವಾಗಿ, ಸಿಂಹಳದಿಂದ ಬಂದ ಸಂಶೋಧನ ವಿದ್ಯಾರ್ಥಿನಿ ಕರುಣಾರತ್ನೆಯನ್ನು ಮದುವೆಯಾಗುತ್ತಾರೆ. ಕೊನೆಗೆ ವಂಶದ ಪಾವಿತ್ರ್ಯವನ್ನೇ ಬದುಕಿನ ಆಧಾರವೆಂದು ನಂಬಿದ್ದ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಆಸ್ತಿ ದಾಯಾದಿಗಳಿಗೆ ಹೋಗದಿರಲೆಂದು ಅವರ ತಂದೆ ಎನಿಸಿಕೊಂಡವರು ಮಾಡಿದ ಏರ್ಪಾಟಿನಿಂದ ಹುಟ್ಟಿದವರು ಅವರು. ಆ ವಂಶದ ಬೀಜ ಅವರಲ್ಲಿಲ್ಲ.

ಈ ಕಥಾಸಾರವನ್ನು ಹೇಳಿ ಮುಗಿಸಲು ಒಂದು ಪರಿಚ್ಛೇದ ಸಾಕಾಯಿತು. ಕಾದಂಬರಿಯ ಉಳಿದ ಪುಟಗಳಲ್ಲಿರುವುದು ಯೋಚನೆ. ಬೀಜ ಮತ್ತು ಕ್ಷೇತ್ರ, ಋಣ ಮತ್ತು ಹಕ್ಕು, ಗೃಹಸ್ಥಧರ್ಮ ಮತ್ತು ವೈಯಕ್ತಿಕ ಸುಖ, ಇತಿಹಾಸ ಬರೆಯುವವನ ಹೊಣೆ ಇವುಗಳನ್ನು ಕುರಿತು ಪಾತ್ರಗಳು ವಾದಿಸುತ್ತವೆ, ತಮ್ಮಷ್ಟಕ್ಕೆ ತಾವು ತರ್ಕಿಸುತ್ತವೆ. ಭೈರಪ್ಪನವರು (ನಿಧನ 2025) ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ಅವರ ನಿರೂಪಕನು ವಾದಿಗೂ ಪ್ರತಿವಾದಿಗೂ ಸಮಯ ಕೊಡುವ ಸಭಾಧ್ಯಕ್ಷನಂತೆ ವರ್ತಿಸುತ್ತಾನೆ. ಆದರೆ ಆ ಸಭೆಯಲ್ಲಿ ಎಲ್ಲರಿಗೂ ಸಿಗುವ ಸಮಯ ಸಮನಾಗಿಲ್ಲ ಎಂಬುದನ್ನೂ ಹೇಳಬೇಕು. ಶ್ರೋತ್ರಿಗಳ ಮಾತಿಗೆ ಶಾಸ್ತ್ರದ ಬಲವಿದೆ, ನಿಧಾನವಿದೆ. ಕಾತ್ಯಾಯನಿಯ ಪಾಲಿಗೆ ಬಂದದ್ದು ಹೆಚ್ಚಾಗಿ ತಳಮಳ.

1971ರಲ್ಲಿ ಜಿ.ವಿ. ಅಯ್ಯರ್ ಅವರ ನಿರ್ಮಾಣದಲ್ಲಿ, ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಜಂಟಿ ನಿರ್ದೇಶನದಲ್ಲಿ ‘ವಂಶವೃಕ್ಷ’ ಕಪ್ಪುಬಿಳುಪಿನ ಚಿತ್ರವಾಗಿ ಸಿದ್ಧವಾಯಿತು. ಆ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ವೆಂಕಟರಾವ್ ತಲಗೇರಿಯವರು ಶ್ರೋತ್ರಿಗಳಾಗಿ, ಎಲ್.ವಿ. ಶಾರದಾ ಕಾತ್ಯಾಯನಿಯಾಗಿ ಅಭಿನಯಿಸಿದರು. ಮುಂದೆ ಜನಪ್ರಿಯ ನಾಯಕರಾದ ವಿಷ್ಣುವರ್ಧನ್ ಕಿರುಪಾತ್ರವೊಂದರಲ್ಲಿ ಮೊದಲಬಾರಿಗೆ ಗಮನಕ್ಕೆ ಬಂದದ್ದೂ ಈ ಚಿತ್ರದಲ್ಲಿಯೇ. ನಿರ್ದೇಶಕರಿಬ್ಬರೂ ರಂಗಭೂಮಿಯಿಂದ ಬಂದವರೆಂಬುದು ಮುಖ್ಯ. ಗುಬ್ಬಿ ಕಂಪನಿಯ ನಾಟಕಗಳಲ್ಲಿ ಬೆಳೆದು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಕಾರಂತರಿಗೂ, ‘ಯಯಾತಿ’, ‘ತುಘಲಕ್’ ಬರೆದ ಕಾರ್ನಾಡರಿಗೂ ಮಾತಿನ ಶಕ್ತಿ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಕಾದಂಬರಿಯ ವಾದಗಳನ್ನು ಸಂಭಾಷಣೆಯಾಗಿ ಇಳಿಸುವ ಸುಲಭಮಾರ್ಗವನ್ನು ಹಿಡಿಯಲಿಲ್ಲ.

ಹೀಗೆ ವ್ಯಾಖ್ಯಾನಕಾರನು ಇಳಿದ ಜಾಗಕ್ಕೆ ಬಂದವರು ನಟನಟಿಯರು. ಮಗುವನ್ನು ಕರೆದೊಯ್ಯಬೇಕೆಂದು ಕಾತ್ಯಾಯನಿಯು ಮಾವನ ಮನೆಗೆ ಬರುವ ಪ್ರಸಂಗವನ್ನು ಪರಿಶೀಲಿಸಬಹುದು. ಶ್ರೋತ್ರಿಗಳು ತಡೆಯುವುದಿಲ್ಲ, ನಿರ್ಧಾರವನ್ನು ಆಕೆಗೇ ಬಿಡುತ್ತಾರೆ. ಆಕೆ ಮಗುವಿಲ್ಲದೆ ಹಿಂದಿರುಗುತ್ತಾಳೆ. ಕಾದಂಬರಿಯ ಓದುಗನಿಗೆ ಈ ಹಂತಕ್ಕೆ ಬರುವ ವೇಳೆಗೆ ವಂಶವೆಂದರೇನು, ಮಗು ಯಾರದು ಎಂಬ ವಾದದ ಪೂರ್ವಪಕ್ಷ ಸಿದ್ಧಾಂತಗಳೆರಡೂ ಪರಿಚಿತವಾಗಿರುತ್ತವೆ. ಆದ್ದರಿಂದ ಆಕೆಯ ಹಿಂದಿರುಗುವಿಕೆಯು ಒಂದು ವಾದದ ಮುಕ್ತಾಯದಂತೆ, ಶ್ರೋತ್ರಿಗಳ ಔದಾರ್ಯದ ನೈತಿಕ ವಿಜಯದಂತೆ ತೋರುತ್ತದೆ. ತೆರೆಯ ಮುಂದೆ ಕುಳಿತ ಪ್ರೇಕ್ಷಕನಿಗೆ ಆ ಸಿದ್ಧತೆ ಇಲ್ಲ. ಅವನಿಗೆ ಕಾಣುವುದು ತಾಯಿಯೊಬ್ಬಳು ಬರಿಗೈಯಲ್ಲಿ ಹೋಗುವುದು. ಅದೇ ಘಟನೆ, ಅದೇ ಕ್ರಮ, ಬಹುಶಃ ಅದೇ ಮಾತು. ಆದರೆ ಗೆದ್ದವರು ಯಾರು ಎಂಬುದು ಈಗ ಅಷ್ಟು ಸ್ಪಷ್ಟವಿಲ್ಲ.

ಮರುಮದುವೆಯ ಅನಂತರದ ಗರ್ಭಪಾತಗಳ ವಿಷಯವೂ ಹೀಗೆಯೇ. ಕಾದಂಬರಿಯಲ್ಲಿ ಅವು ಕಾತ್ಯಾಯನಿಯ ಮನಸ್ಸಿನಲ್ಲಿ ಪಾಪಪ್ರಜ್ಞೆಯಾಗಿ ಬೆಳೆಯುತ್ತವೆ. ಧರ್ಮವನ್ನು ಮೀರಿದ್ದಕ್ಕೆ ಪ್ರಕೃತಿಯೇ ನೀಡಿದ ಉತ್ತರವೇನೋ ಎಂಬ ಅನುಮಾನವನ್ನು ನಿರೂಪಕನು ತಳ್ಳಿಹಾಕುವುದಿಲ್ಲ, ಒಪ್ಪುವುದೂ ಇಲ್ಲ. ಈ ಕಾರಣಕ್ಕಾಗಿ ಕೃತಿಯು ಸಂಪ್ರದಾಯದ ಪರವೆಂದು ಕೆಲವರೂ, ಸಂಪ್ರದಾಯದ ವಿಮರ್ಶೆಯೆಂದು ಕೆಲವರೂ ವಾದಿಸಲು ಅವಕಾಶವಾಗಿದೆ. ಚಿತ್ರದಲ್ಲಿ ಈ ತ್ರಿಶಂಕು ಸ್ಥಿತಿಯನ್ನು ಉಳಿಸಿಕೊಳ್ಳುವುದು ಕಷ್ಟ. ಶಾರದಾ ಅವರ ಕೃಶವಾಗುತ್ತ ಹೋಗುವ ಮುಖದ ಎದುರಿನಲ್ಲಿ ಪ್ರಕೃತಿಯ ನ್ಯಾಯವೆಂಬ ತರ್ಕ ನಿಲ್ಲುವುದಿಲ್ಲ. ಯಾರೂ ಕೃತಿಯನ್ನು ತಿದ್ದಲಿಲ್ಲ, ಹೊಸ ಮಾತು ಸೇರಿಸಿ ಪ್ರತಿಭಟಿಸಲಿಲ್ಲ. ಮುಖವೊಂದನ್ನು ಹತ್ತಿರದಿಂದ ತೋರಿಸಿದ್ದರಿಂದಲೇ ತೂಕ ಸರಿಯಿತು. ಸಂಕಮ್ಮನ ಸಾಲಿನಲ್ಲಿ ಆದದ್ದೂ ಇದೇ.

ಇದರಿಂದ ನಷ್ಟಕ್ಕೊಳಗಾದವರು ಸದಾಶಿವರಾಯರು. ಬರೆಯುವವನ ಬದುಕನ್ನು ತೆರೆಯ ಮೇಲೆ ತರುವುದು ಎಲ್ಲ ಭಾಷೆಗಳ ಸಿನಿಮಾಕ್ಕೂ ಇರುವ ತೊಡಕು. ಮೇಜಿನ ಮುಂದೆ ಕುಳಿತ ಮನುಷ್ಯ, ದೀಪ, ಪುಸ್ತಕದ ರಾಶಿ ಇವನ್ನು ಎಷ್ಟು ಹೊತ್ತು ತೋರಿಸಬಹುದು? ಕಾದಂಬರಿಯಲ್ಲಿ ಅವರ ಇತಿಹಾಸಗ್ರಂಥವು ಶ್ರೋತ್ರಿಗಳ ಸಂತಾನಕ್ಕೆ ಎದುರಾದ ಇನ್ನೊಂದು ಬಗೆಯ ಸಂತಾನ. ವಂಶ ಉಳಿಯುವುದು ಮಕ್ಕಳಿಂದಲೋ ಗ್ರಂಥದಿಂದಲೋ ಎಂಬುದು ಕೃತಿಯ ಆಳದ ಪ್ರಶ್ನೆಗಳಲ್ಲಿ ಒಂದು. ಗ್ರಂಥದೊಳಗಿನ ವಿಚಾರ ಕಾಣದೆ ಹೋದಾಗ ರಾಯರು ಹೆಂಡತಿಯನ್ನು ಕಡೆಗಣಿಸಿ ವಿದ್ಯಾರ್ಥಿನಿಯನ್ನು ಮದುವೆಯಾದ ಪ್ರಾಧ್ಯಾಪಕರಾಗಿ ಮಾತ್ರ ಉಳಿಯುವ ಅಪಾಯವಿದೆ. ನಾಗಲಕ್ಷ್ಮಿಗಾದ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಆ ಅನ್ಯಾಯಕ್ಕೆ ಬೆಲೆಯಾಗಿ ಹುಟ್ಟಿದ ಗ್ರಂಥ ಕಾಣುವುದಿಲ್ಲ.

ವಂಶವೆಂಬ ಪರಿಕಲ್ಪನೆಯನ್ನು ಜಾನಪದದ ಕಡೆಯಿಂದ ನೋಡಿದಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ಉತ್ತರ ಕರ್ನಾಟಕದ ಊರುಗಳಿಗೆ ಸುಗ್ಗಿಯ ಅನಂತರ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಒಕ್ಕಲಿನ ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಮೊದಲಾಗಿ ತಲೆಮಾರುಗಳನ್ನು ಹೇಳಿ ದವಸ ಪಡೆಯುವುದು ಅವರ ವೃತ್ತಿ. ಅವರು ಹೇಳುವುದು ಮುಖ್ಯವಾಗಿ ಗಂಡುಸಂತತಿಯ ಹೆಸರುಗಳನ್ನು. ಆ ಹೆಸರುಗಳ ನಡುವೆ ಶ್ರೋತ್ರಿಗಳ ಹುಟ್ಟಿನಂತಹ ಗುಟ್ಟುಗಳು ಎಷ್ಟು ಅಡಗಿರಬಹುದೆಂದು ಕೇಳುವವರಾರೂ ಕೇಳುವುದಿಲ್ಲ; ಪಠಣದ ಗಾಂಭೀರ್ಯವೇ ಸಾಕ್ಷ್ಯ. ಕಾದಂಬರಿಯ ಕೊನೆಯ ತಿರುವು ಈ ಪಠಣವನ್ನು ಮಧ್ಯದಲ್ಲಿ ನಿಲ್ಲಿಸಿದಂತಿದೆ. ಶ್ರೋತ್ರಿಗಳಿಗೆ ಸತ್ಯ ತಿಳಿದ ಮೇಲೆ ಅವರು ಸೊಸೆಯನ್ನು ಯಾವ ವಂಶದ ಹೆಸರಿನಲ್ಲಿ ಮಗುವಿನಿಂದ ಅಗಲಿಸಿದರೋ ಆ ವಂಶವೇ ಇಲ್ಲವಾಗುತ್ತದೆ. ಗ್ರಂಥದಲ್ಲಿ ಈ ಅರಿವು ಶ್ರೋತ್ರಿಗಳನ್ನು ಸನ್ಯಾಸದ ಕಡೆಗೆ ಒಯ್ಯುತ್ತದೆ. ಅಂದರೆ ಬಿಕ್ಕಟ್ಟು ಮತ್ತೆ ಅವರದೇ ಆಗುತ್ತದೆ. ಕಾತ್ಯಾಯನಿಯ ಮುಖವನ್ನು ಕಂಡುಬಂದ ಪ್ರೇಕ್ಷಕನು ಮಾತ್ರ ಈ ಸತ್ಯವನ್ನು ಆಕೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಸೇಡಂ, ಚಿಂಚೋಳಿಗಳ ಗಡಿಯಾಚೆಗೆ ತೆಲುಗು ನಾಡು. ಅಲ್ಲಿ ಇದೇ ಕಾದಂಬರಿಯನ್ನು ಬಾಪು ಅವರು 1980ರಲ್ಲಿ ‘ವಂಶವೃಕ್ಷಂ’ ಎಂಬ ಚಿತ್ರವಾಗಿಸಿದರು. ಹಿಂದಿಯಲ್ಲಿ ಮುಂದೆ ಖ್ಯಾತರಾದ ಅನಿಲ್ ಕಪೂರ್ ನಾಯಕನಾಗಿ ನಟಿಸಿದ ಮೊದಲ ಚಿತ್ರಗಳಲ್ಲಿ ಇದೊಂದು ಎಂಬುದು ಕುತೂಹಲದ ಸಂಗತಿ. ಪ್ರಸ್ತುತ ಚರ್ಚೆಗೆ ಹೆಚ್ಚು ಮುಖ್ಯವಾದದ್ದು ಜೆ.ವಿ. ಸೋಮಯಾಜುಲು ಅವರು ಇದರಲ್ಲಿದ್ದುದು. ಅದೇ ವರ್ಷ ಬಿಡುಗಡೆಯಾದ ‘ಶಂಕರಾಭರಣಂ’ ಚಿತ್ರದ ಶಂಕರಶಾಸ್ತ್ರಿಗಳಾಗಿ ಅವರು ಆಂಧ್ರದ ಮನೆಮನೆಗೆ ತಲುಪಿದ್ದರು. ಸಂಪ್ರದಾಯದ ಘನತೆಗೆ ಆ ಮುಖ ಆಗಲೇ ಅನ್ವರ್ಥವಾಗಿತ್ತು. ಅಂಥ ಮುಖವು ಹಿರಿಯರ ಪಕ್ಷಕ್ಕೆ ಒದಗಿದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುವುದು ಸಹಜ. ಒಂದೇ ಕಾದಂಬರಿ, ಎರಡು ಚಿತ್ರಗಳು. ವ್ಯಾಖ್ಯಾನವನ್ನು ಒಮ್ಮೆ ಸೊಸೆಯ ಮುಖ ಮಾಡಿತು, ಇನ್ನೊಮ್ಮೆ ಪ್ರೇಕ್ಷಕರು ಮೊದಲೇ ಗೌರವಿಸಿದ್ದ ಹಿರಿಯನ ಮುಖ ಮಾಡಿತು.

ಕಾರಂತ–ಕಾರ್ನಾಡರು 1977ರಲ್ಲಿ ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಕನ್ನಡದಲ್ಲಿಯೂ, ‘ಗೋಧೂಳಿ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ತೆರೆಗೆ ತಂದರು. ಇಲ್ಲಿ ಅವರಿಗೆ ಒಂದು ಅನುಕೂಲವಿತ್ತು. ಕಾದಂಬರಿಯ ತತ್ತ್ವಕ್ಕೆ ಆಧಾರವಾದ ಪುಣ್ಯಕೋಟಿಯ ಕಥೆ, ಅರ್ಥಾತ್ ಗೋವಿನ ಹಾಡು, ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಬಾಯಿಪಾಠ. ಹುಲಿಗೆ ಕೊಟ್ಟ ಮಾತಿಗಾಗಿ ಹಸು ಹಿಂದಿರುಗಿದ್ದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅಮೆರಿಕದಲ್ಲಿ ಓದಿ ವಿದೇಶಿ ಹೆಂಡತಿಯೊಂದಿಗೆ ಬಂದ ಕಾಳಿಂಗನ ಸಂಸಾರದಲ್ಲಿ ಆ ಹಾಡಿನ ಹಸುವಿಗೆ ಏನಾಯಿತೆಂಬುದನ್ನು ತೋರಿಸಿದರೆ ಸಾಕು, ಉಳಿದದ್ದನ್ನು ಕೇಳುಗರ ನೆನಪು ಪೂರೈಸುತ್ತದೆ. ಕಂಸಾಳೆಯವರು ನಂಬುವ ಸಾಮೂಹಿಕ ನೆನಪು ಇಲ್ಲಿ ಸಿನಿಮಾದ ನೆರವಿಗೆ ಬಂದಿತು. ಆದರೆ ಈ ಅನುಕೂಲ ಕನ್ನಡಕ್ಕೆ ಸೀಮಿತವಾದದ್ದು. ಹಿಂದಿಯ ಪ್ರೇಕ್ಷಕನಿಗೆ ಪುಣ್ಯಕೋಟಿ ಒಂದು ಹಸುವಿನ ಹೆಸರು ಮಾತ್ರ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾರ್ನಾಡರ ನಿರ್ದೇಶನದಲ್ಲಿ 1999ರಲ್ಲಿ ಚಿತ್ರವಾಯಿತು. ಕಾದಂಬರಿಯಲ್ಲಿ ಯೋಚಿಸುವ ಪಾತ್ರ ಹೂವಯ್ಯನದು. ಅವನ ಅಧ್ಯಾತ್ಮ, ಅವನ ಓದು, ಮಲೆನಾಡಿನ ಕಾಡು ಕೂಡಿ ಕೃತಿಯ ದರ್ಶನವಾಗಿದೆ. ಚಿತ್ರದಲ್ಲಿ ನೆನಪುಳಿಯುವುದು ಕಾರ್ನಾಡರೇ ಅಭಿನಯಿಸಿದ ಚಂದ್ರಯ್ಯಗೌಡ ಮತ್ತು ತಾರಾ ಅಭಿನಯಿಸಿದ ಸುಬ್ಬಮ್ಮ. ಕ್ಯಾಮೆರಾ ಯೋಚಿಸುವವರಿಗಿಂತ ಬಯಸುವವರನ್ನು, ನೋಯುವವರನ್ನು ಬೇಗ ಹಿಡಿಯುತ್ತದೆ ಎಂಬುದಕ್ಕೆ ಇದು ಇನ್ನೊಂದು ನಿದರ್ಶನ.

ಅರಿವಿಲ್ಲದೆ ಆಗುತ್ತಿದ್ದ ಈ ಪಲ್ಲಟವನ್ನು ತಿಳಿದೇ ಮಾಡಿದವರು ಗಿರೀಶ ಕಾಸರವಳ್ಳಿ. ಭೈರಪ್ಪನವರ ‘ನಾಯಿ ನೆರಳು’ (1968) ಪುನರ್ಜನ್ಮದ ಸಮಸ್ಯೆಯನ್ನು ಕೈಗೆತ್ತಿಕೊಂಡ ಕಾದಂಬರಿ. ಸತ್ತ ಮಗನೇ ಬೇರೊಂದು ಮನೆಯಲ್ಲಿ ಹುಟ್ಟಿದ್ದಾನೆಂಬ ನಂಬಿಕೆಯಿಂದ ಯುವಕನೊಬ್ಬನನ್ನು ಕರೆತಂದಾಗ, ವಿಧವೆ ಸೊಸೆಯು ತನಗಿಂತ ಬಹಳ ಕಿರಿಯನಾದ ಅವನನ್ನು ಗಂಡನೆಂದು ಸ್ವೀಕರಿಸಬೇಕಾಗುತ್ತದೆ. ಪುನರ್ಜನ್ಮ ನಿಜವೇ ಎಂಬುದು ಅಲ್ಲಿನ ತಾತ್ವಿಕ ಪ್ರಶ್ನೆ. 2006ರ ಚಿತ್ರದಲ್ಲಿ ಕಾಸರವಳ್ಳಿಯವರು ಆ ಪ್ರಶ್ನೆಯನ್ನು ಬಗೆಹರಿಸಲು ಹೋಗದೆ, ಪವಿತ್ರಾ ಲೋಕೇಶ್ ಅಭಿನಯಿಸಿದ ಸೊಸೆ ವೆಂಕು ಈ ನಂಬಿಕೆಯೊಳಗೆ ತನಗೆ ಬೇಕಾದ ಬದುಕನ್ನು ಹೇಗೆ ಹುಡುಕಿಕೊಂಡಳೆಂಬುದರ ಕಡೆಗೆ ಕಥೆಯನ್ನು ತಿರುಗಿಸಿದರು. ಇದನ್ನು ನಿಷ್ಠೆಯ ಮಾನದಂಡದಿಂದ ಅಳೆದರೆ ತಪ್ಪಾಗಿ ಕಾಣಬಹುದು. ಪಂಪನ ಮಾದರಿಯಿಂದ ಅಳೆದರೆ ಇದು ಯಾರ ಕಥೆ ಎಂಬ ಮೊದಲ ತೀರ್ಮಾನವನ್ನು ಪ್ರಾಮಾಣಿಕವಾಗಿ ತೆಗೆದುಕೊಂಡ ಚಿತ್ರವಿದು. ಅದೇ ನಿರ್ದೇಶಕರು ‘ಗೃಹಭಂಗ’ವನ್ನು ದೂರದರ್ಶನ ಮಾಧ್ಯಮದ ಧಾರಾವಾಹಿಯಾಗಿ ಮಾಡಿದಾಗ ಕಾಲದ ಕೊರತೆ ಇರಲಿಲ್ಲ, ಕಾದಂಬರಿಯೂ ವಾದಕ್ಕಿಂತ ಬದುಕಿನ ವಿವರವನ್ನು ನೆಚ್ಚಿದ್ದಾದ್ದರಿಂದ ಅಲ್ಲಿ ಇಂಥ ತೀರ್ಮಾನದ ಒತ್ತಡ ಅಷ್ಟಾಗಿ ಬೀಳಲಿಲ್ಲ.

ಕಲಬುರಗಿ ಸೀಮೆಯ ಲೇಖಕಿ ಗೀತಾ ನಾಗಭೂಷಣ (ನಿಧನ 2020) ಅವರ ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ‘ಹೆಣ್ಣಿನ ಕೂಗು’ ಎಂಬ ಚಿತ್ರವಾದದ್ದನ್ನೂ ಇಲ್ಲಿ ಹೆಸರಿಸಬೇಕು. ಅದು ತಾತ್ವಿಕ ಕಾದಂಬರಿಯೆಂಬ ವರ್ಗಕ್ಕೆ ಸೇರುವುದಿಲ್ಲವಾದರೂ, ಶೀರ್ಷಿಕೆಯ ಬದಲಾವಣೆಯೇ ಒಂದು ವ್ಯಾಖ್ಯಾನ. ಮಾಂಸ ಮತ್ತು ಹದ್ದು ಎಂಬ ಎರಡು ವಸ್ತುಗಳನ್ನು ಎದುರುಬದುರು ನಿಲ್ಲಿಸಿ ಸುಮ್ಮನಾಗಿದ್ದ ಹೆಸರು ಚಿತ್ರದಲ್ಲಿ ನೇರವಾಗಿ ಅರ್ಥ ಹೇಳತೊಡಗಿತು.

ವಸ್ತುವನ್ನು ಇಟ್ಟು ಸುಮ್ಮನಾಗುವ ಈ ಕ್ರಮಕ್ಕೆ ಇದೇ ಸೀಮೆಯಲ್ಲಿ ದೊಡ್ಡ ಪರಂಪರೆಯಿದೆ. ಕಡಕೋಳ ಮಡಿವಾಳಪ್ಪನವರು ಮತ್ತು ಅವರ ಶಿಷ್ಯಪರಂಪರೆಯ ತತ್ವಪದಕಾರರು ವೇದಾಂತ ಚರ್ಚೆಯನ್ನು ಶಾಸ್ತ್ರದ ಭಾಷೆಯಲ್ಲಿ ನಡೆಸಲಿಲ್ಲ. ಏಕತಾರಿ, ದಮ್ಮಡಿಗಳೊಂದಿಗೆ ಹಾಡುವ ಈ ಪದಗಳಲ್ಲಿ ಹೊಲ, ಬಾವಿ, ಹಕ್ಕಿ, ಬೀಸುವ ಕಲ್ಲು ಮೊದಲಾದ ಕಣ್ಣಿಗೆ ಕಾಣುವ ವಸ್ತುಗಳು ಬೆಡಗಾಗಿ ನಿಂತು ಕಾಣದ ತತ್ತ್ವವನ್ನು ಸೂಚಿಸುತ್ತವೆ. ಸಿನಿಮಾ ತತ್ತ್ವವನ್ನು ಹೇಳಬಹುದಾದ ದಾರಿ ಇದಕ್ಕೆ ಹತ್ತಿರದ್ದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಈ ದೃಷ್ಟಿಯಿಂದ ವಿಚಿತ್ರವಾದ ಸವಾಲು. ಅದರಲ್ಲಿ ಕಥೆಯೆಂಬುದು ಅಲ್ಪ. ಬಾಲವಿಧವೆಯಾದ ಮುದುಕಿಯೊಬ್ಬಳು ಮೊಮ್ಮಗ ಸುಬ್ಬರಾಯನೊಂದಿಗೆ ದೇವರು, ಕಾಮ, ನಾಗರಿಕತೆಯ ಹುಟ್ಟು ಇವುಗಳನ್ನು ಕುರಿತು ಮಾತನಾಡುತ್ತ ಹೋಗುತ್ತಾಳೆ. ಆದರೆ ಆ ಮಾತು ಹೊರಡುವುದು ವಸ್ತುಗಳಿಂದ. ಹಳೆಯದೊಂದು ವಸ್ತುವನ್ನು ಆಕೆಯ ಕೈಗಿಟ್ಟರೆ ಅದರ ಹಿಂದಿನ ಕಾಲವೆಲ್ಲ ಆಕೆಗೆ ಕಾಣಿಸುತ್ತದೆ. ಕಾದಂಬರಿಕಾರರು ಮೂಕಿ ಚಿತ್ರಗಳ ಕಾಲದಲ್ಲಿಯೇ ಚಿತ್ರ ತಯಾರಿಕೆಯಲ್ಲಿ ಕೈಯಾಡಿಸಿದವರು. ತಮ್ಮ ‘ಕುಡಿಯರ ಕೂಸು’ವನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಲ್ಲಿ ತಾವೇ ನಿರ್ದೇಶಿಸಿದವರು. ಮುದುಕಿಯ ಅಂಗೈ ಮತ್ತು ಅದರ ಮೇಲಿನ ವಸ್ತು ಎಂಬ ಕಲ್ಪನೆ ಬರಹಗಾರನದಷ್ಟೇ ಚಿತ್ರಕಾರನದೂ ಆಗಿದೆ.

ಪಿ. ಶೇಷಾದ್ರಿಯವರು 2019ರಲ್ಲಿ ಇದನ್ನು ಚಿತ್ರವಾಗಿಸಿದಾಗ ಮೂಕಜ್ಜಿಯ ಪಾತ್ರಕ್ಕೆ ಬಿ. ಜಯಶ್ರೀ ಅವರನ್ನು ಆರಿಸಿಕೊಂಡರು. ಗುಬ್ಬಿ ವೀರಣ್ಣನವರ ಮೊಮ್ಮಗಳಾದ, ಜನಪದ ಧಾಟಿಯ ರಂಗಸಂಗೀತದಿಂದ ಖ್ಯಾತರಾದ ಕಲಾವಿದೆಯ ಕಂಠವು ಕಾದಂಬರಿಯ ವಿಚಾರಕ್ಕೆ ಅಜ್ಜಿಕಥೆಯ ಧ್ವನಿಯನ್ನು ಒದಗಿಸಿತು. ಇಲ್ಲಿ ವ್ಯಾಖ್ಯಾನಕಾರಳೇ ಪಾತ್ರವಾದ್ದರಿಂದ ಆಕೆಯನ್ನು ವೇದಿಕೆಯಿಂದ ಇಳಿಸುವ ಪ್ರಮೇಯವೇ ಬರಲಿಲ್ಲ. ಇದು ಚಿತ್ರದ ಬಲವಾದಂತೆಯೇ ಮಿತಿಯೂ ಆಯಿತು. ಮಾತು ಹೆಚ್ಚಾಯಿತೆಂಬ ಆಕ್ಷೇಪಕ್ಕೆ ಅವಕಾಶವಾದರೆ, ಅದಕ್ಕೆ ತಾಳಮದ್ದಳೆಯನ್ನು ಉತ್ತರವಾಗಿ ಹೇಳಬಹುದು. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಅರ್ಥಗಾರಿಕೆಯಿಂದ ರಾತ್ರಿ ಕಳೆಯುವ ಪ್ರೇಕ್ಷಕರಿದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯ ವಾದವನ್ನು ಕೇಳಲು ಜನ ದೂರದಿಂದ ಬರುತ್ತಿದ್ದರು. ಮಾತೇ ದೃಶ್ಯವಾಗುವ ಕಲೆ ಕಾರಂತರ ನಾಡಿಗೆ ಹೊಸದಲ್ಲ. ಆದರೆ ಅರ್ಥಧಾರಿಯು ಎದುರಿನವನ ಮಾತಿಗೆ ಆ ಕ್ಷಣದಲ್ಲಿ ಉತ್ತರ ಹುಟ್ಟಿಸುತ್ತಾನೆ; ಸೋಲುವ ಸಾಧ್ಯತೆ ಅವನಿಗೆ ಇದ್ದೇ ಇರುತ್ತದೆ. ಚಿತ್ರದ ಮಾತು ಮೊದಲೇ ಮುಗಿದಿರುತ್ತದೆ. ಸುಬ್ಬರಾಯನು ಅಜ್ಜಿಯನ್ನು ಸೋಲಿಸುವ ಭಯ ಯಾವ ಪ್ರೇಕ್ಷಕನಿಗೂ ಇಲ್ಲ.

ಗಾತ್ರವನ್ನು ಇಳಿಸದೆಯೇ ರೂಪಾಂತರ ಮಾಡುವ ದಾರಿಯನ್ನು ತೋರಿಸಿದ್ದು ರಂಗಭೂಮಿ. 2010ರಲ್ಲಿ ಮೈಸೂರು ರಂಗಾಯಣವು ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ ಮತ್ತು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ಕಾಲ ಬಯಲಿನಲ್ಲಿ ಆಡಿತು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ಕಥೆಯನ್ನು ಮುನ್ನಡೆಸಲು ಜೋಗಿಗಳು, ಹೆಳವರು ಮೊದಲಾದ ವೃತ್ತಿಗಾಯಕರ ಮಾದರಿಯ ನಿರೂಪಕರು ಬಂದರು. ಸಿನಿಮಾ ಇಳಿಸಿದ್ದ ವ್ಯಾಖ್ಯಾನಕಾರನು ಇಲ್ಲಿ ಹೆಳವನ ವೇಷದಲ್ಲಿ ಮರಳಿ ವೇದಿಕೆ ಏರಿದನು. ಬಯಲಾಟ, ದೊಡ್ಡಾಟಗಳಿಗೆ ಬೆಳಗಿನವರೆಗೆ ಕೂರುವ ಅಭ್ಯಾಸ ಪೂರ್ತಿ ಅಳಿದಿರಲಿಲ್ಲವೆಂಬುದಕ್ಕೆ ಆ ಪ್ರಯೋಗಕ್ಕೆ ಸೇರಿದ ಜನವೇ ಸಾಕ್ಷಿ. ರಷ್ಯಾದಲ್ಲಿ ಸೆರ್ಗೈ ಬೊಂಡಾರ್ಚುಕ್ ಅವರು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು 1966–67ರಲ್ಲಿ ನಾಲ್ಕು ಭಾಗಗಳ, ಏಳು ಗಂಟೆಗಳಷ್ಟು ದೀರ್ಘವಾದ ಚಿತ್ರವಾಗಿಸಿದ್ದುಂಟು. ಯುದ್ಧಭೂಮಿಗಳು ಅದರಲ್ಲಿ ವೈಭವದಿಂದ ಬಂದವು. ಇತಿಹಾಸದ ಕಾರ್ಯಕಾರಣವನ್ನು ಕುರಿತ ಟಾಲ್‌ಸ್ಟಾಯ್ ಅವರ ದೀರ್ಘ ಚರ್ಚೆಗೆ ಆ ಏಳು ಗಂಟೆಗಳಲ್ಲಿಯೂ ಜಾಗ ದೊರೆಯಲಿಲ್ಲ. ಕಾಲ ಹೆಚ್ಚಿದ ಮಾತ್ರಕ್ಕೆ ವ್ಯಾಖ್ಯಾನಕಾರ ಹಿಂದಿರುಗುವುದಿಲ್ಲ.

ಭೈರಪ್ಪನವರ ‘ಪರ್ವ’ (1979) ಈ ಎಲ್ಲ ತೊಡಕುಗಳನ್ನು ಒಟ್ಟಿಗೆ ಹೊತ್ತುಕೊಂಡ ಕೃತಿ. ಮಹಾಭಾರತದ ದೇವತಾಂಶವನ್ನು ತೆಗೆದು ಮನುಷ್ಯರ ಕಥೆಯಾಗಿಸಿದ ಆ ಕಾದಂಬರಿಯ ಬಹುಭಾಗ ನಡೆಯುವುದು ಕುಂತಿ, ದ್ರೌಪದಿ, ಭೀಷ್ಮ, ಕರ್ಣ ಮೊದಲಾದವರ ನೆನಪುಗಳೊಳಗೆ, ತಮ್ಮೊಡನೆ ತಾವೇ ನಡೆಸುವ ವಾದಗಳೊಳಗೆ. ರಂಗಾಯಣವು 2021ರಲ್ಲಿ ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಅದನ್ನು ದೀರ್ಘ ನಾಟಕವಾಗಿ ಪ್ರಯೋಗಿಸಿತು. 2023ರಲ್ಲಿ ಹಿಂದಿಯ ನಿರ್ದೇಶಕ ವಿವೇಕ್ ಅಗ್ನಿಹೋತ್ರಿಯವರು ಅದನ್ನು ಮೂರು ಭಾಗಗಳ ಚಿತ್ರವಾಗಿಸುವ ಯೋಜನೆಯನ್ನು ಪ್ರಕಟಿಸಿದರು. ಭಾಗಗಳ ಸಂಖ್ಯೆ ಎಷ್ಟಾದರೂ ಮಾನ್ಯಖೇಟದ ಕಾಲದಲ್ಲಿ ಪಂಪನು ಎದುರಿಸಿದ ಪ್ರಶ್ನೆ ಅಲ್ಲಿ ಹಾಗೆಯೇ ಕಾದಿರುತ್ತದೆ. ಪಂಪನು ಅರ್ಜುನನನ್ನು ಆರಿಸಿಕೊಂಡಾಗ ದ್ರೌಪದಿಯ ನಾಲ್ವರು ಗಂಡಂದಿರು ಗಂಡಂದಿರಾಗಿ ಉಳಿಯಲಿಲ್ಲ. ‘ಪರ್ವ’ದ ದ್ರೌಪದಿ ಐವರೊಂದಿಗೆ ಬಾಳಿದ ಬದುಕನ್ನು ಒಂಟಿಯಾಗಿ ಕುಳಿತು ಎಣಿಸುತ್ತಾಳೆ, ಆ ಎಣಿಕೆಯಲ್ಲಿ ಆಕೆಯ ಎದುರಿಗೆ ಯಾರೂ ಇಲ್ಲ, ಹೊರಗೆ ಏನೂ ನಡೆಯುವುದಿಲ್ಲ. ಕ್ಯಾಮೆರಾ ಇಡಬೇಕಾದದ್ದು ಅಲ್ಲಿ.